ಎರೆಹುಳು ಎಣಿಸಿದರೆ ಸಂಶೋಧನೆಯೇ?

ವಿಮಾನ ನಿಲ್ದಾಣ ಬಂದ ಮೇಲೆ ಸೋಗಾನೆಯ ಹೆಸರು ಶಿವಮೊಗ್ಗದ ಆಚೆಗೂ ಹೋಯಿತು. 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ ಆ ನಿಲ್ದಾಣದ ರನ್‌ವೇ 3,200 ಮೀಟರ್ ಉದ್ದ. ಆದರೆ ಈ ಮಾತುಕತೆ ನಡೆದದ್ದು ಅದೇ ಊರಿನ ಒಂದು ಅಡಿಕೆ ತೋಟದಲ್ಲಿ, ಮಳೆ ಹೊಳವಾದ ಒಂದು ಬೆಳಗ್ಗೆ. ತೋಟದ ಯಜಮಾನರು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಬಂದವಳು ಅವರ ಹಳೆಯ ವಿದ್ಯಾರ್ಥಿನಿ, ಈಗ ಸರ್ಕಾರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಜೊತೆಗೆ ಅಂತಿಮ ವರ್ಷದ ಬಿ.ಎಸ್ಸಿ. ಓದುವ ಆರು ಮಂದಿ; ಅವರಲ್ಲಿ ಇಬ್ಬರು ಭದ್ರಾವತಿಯಿಂದ ಮೊದಲ ಬಸ್ಸು ಹಿಡಿದು ಬಂದವರು. ಹುಡುಗರು ಮರಗಳ ನಡುವೆ ಗುಂಡಿ ತೋಡುತ್ತಿದ್ದರು. 25 ಸೆಂ.ಮೀ. ಉದ್ದ, ಅಷ್ಟೇ ಅಗಲ, 30 ಸೆಂ.ಮೀ. ಆಳ. ತೋಡಿದ ಮಣ್ಣನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿದು ಕೈಯಿಂದ ಪುಡಿ ಮಾಡುತ್ತ ಹುಳು ಆರಿಸುತ್ತಿದ್ದರು.

ಜಗಲಿಯಲ್ಲಿ ಇವರಿಬ್ಬರು. ನಮ್ಮ ಪದವಿ ಕಾಲೇಜುಗಳ ಜೀವಶಾಸ್ತ್ರ ವಿಭಾಗಗಳಲ್ಲಿ ವರ್ಷವೂ ಒಳಗೊಳಗೇ ನಡೆಯುವ ಜಗಳ ಇದು. ಅಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಆಡುವುದಿಲ್ಲ. ಇಲ್ಲಿ ಆಡಿದರು, ಅದಕ್ಕೇ ಬರೆದಿದ್ದೇನೆ.

ಮೇಷ್ಟ್ರು: ಕೂತ್ಕೋ ಬಾರಮ್ಮ, ಅವರ ಪಾಡಿಗೆ ಅವರು ಅಗೀಲಿ. ರಿಪೋರ್ಟಿಗೆ ಏನಂತ ಹೆಸರಿಟ್ಟಿದ್ದೀಯ?

ಶಿಷ್ಯೆ: "ಅಡಿಕೆ ತೋಟದ ಮಣ್ಣಿನಲ್ಲಿ ತಾಮ್ರದ ಸಂಗ್ರಹ ಮತ್ತು ಎರೆಹುಳುಗಳ ಮೇಲೆ ಅದರ ಪರಿಣಾಮ" ಅಂತ ಸಾರ್.

ಮೇಷ್ಟ್ರು: ಪರಿಣಾಮ ಅಂತ ಈಗಲೇ ಬರೆದುಬಿಟ್ಟೆಯಾ? ಇನ್ನೂ ಎರಡನೇ ಗುಂಡಿ ತೋಡ್ತಾ ಇದ್ದಾರೆ.

ಶಿಷ್ಯೆ: ಅರ್ಜಿಯಲ್ಲಿ ಶೀರ್ಷಿಕೆ ಕೇಳ್ತಾರಲ್ಲ ಸಾರ್. ಬದಲಾಯಿಸಿದ್ರಾಯ್ತು.

ಮೇಷ್ಟ್ರು: ಬದಲಾಯಿಸಲ್ಲ ನೀನು. ಯಾರೂ ಬದಲಾಯಿಸಲ್ಲ. ನನ್ನ ತಕರಾರು ಅದೇ. ಬಿ.ಎಸ್ಸಿ. ಮಕ್ಕಳ ಪ್ರಾಜೆಕ್ಟಿನಲ್ಲಿ ಉತ್ತರ ಮೊದಲು, ಪ್ರಶ್ನೆ ಆಮೇಲೆ. ನಾನು ಎಷ್ಟೋ ಕಾಲೇಜುಗಳಿಗೆ ಪ್ರಾಕ್ಟಿಕಲ್ ಪರೀಕ್ಷೆಗೆ ಹೋಗಿದ್ದೀನಿ. ಮೇಜಿನ ಮೇಲೆ ರಿಪೋರ್ಟು ಜೋಡಿಸಿಟ್ಟಿರ್ತಾರೆ, ಬಂಗಾರದ ಬಣ್ಣದ ಅಕ್ಷರ, ಗಟ್ಟಿ ರಟ್ಟು. ಒಳಗೆ ನೋಡಿದರೆ ಯಾವುದೋ ಒಂದು ಗಿಡದ ಎಲೆ. ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ಸಾರ ಇಳಿಸಿ, ಅಗಾರ್ ತಟ್ಟೆಯಲ್ಲಿ ಸಣ್ಣ ಬಾವಿ ಕೊರೆದು ಹಾಕ್ತಾರೆ. ಬ್ಯಾಕ್ಟೀರಿಯಾ ಬೆಳೆಯದ ಜಾಗಾನ ಸ್ಕೇಲಿಟ್ಟು ಅಳೀತಾರೆ. ಈ ವರ್ಷ ತುಳಸಿ, ಹೋದ ವರ್ಷ ಬೇವು, ಅದರ ಹಿಂದಿನ ವರ್ಷ ದೊಡ್ಡಪತ್ರೆ. ಕೊನೆಗೆ "ಈ ಸಸ್ಯಕ್ಕೆ ಔಷಧೀಯ ಗುಣವಿದೆ, ಹೆಚ್ಚಿನ ಸಂಶೋಧನೆ ಅಗತ್ಯ." ಆ ಹೆಚ್ಚಿನ ಸಂಶೋಧನೆಯ ರಿಪೋರ್ಟು ನನ್ನ ಕೈಗೆ ಒಂದು ಸಲವೂ ಬರಲಿಲ್ಲ.

ಶಿಷ್ಯೆ: ಆದರೂ ಆ ತಟ್ಟೆ ಮಾಡೋಕೆ ಅಗಾರ್ ಕುದಿಸಬೇಕು, ಆಟೋಕ್ಲೇವ್ ಮಾಡಬೇಕು, ದೀಪದ ಹತ್ತಿರ ಉಸಿರು ಬಿಗಿ ಹಿಡಿದು ಸುರೀಬೇಕು. ಮೊದಲ ಸಲ ಮಾಡಿದ ತಟ್ಟೆ ತುಂಬ ಬೂಷ್ಟು ಬಂದಿರುತ್ತೆ. ಎರಡನೇ ಸಲ ಅರ್ಧ. ಕೈ ಕಲಿಯೋದೇ ಹಾಗೆ ಸಾರ್. ತೀರ್ಮಾನ ಹಳಸಲು ಅಂತ ಕೈಕೆಲಸವನ್ನೂ ಹಳಸಲು ಅನ್ನಬೇಡಿ.

ಮೇಷ್ಟ್ರು: ಕೈಕೆಲಸ ಕಲಿಸೋಕೆ ಪ್ರಾಕ್ಟಿಕಲ್ ತರಗತಿ ಇದೆ. ಅದನ್ನ ಸರಿಯಾಗಿ ಮಾಡಿಸಿ. ಸಂಶೋಧನೆ ಅಂತ ದೊಡ್ಡ ಹೆಸರು ಯಾಕೆ?

ಶಿಷ್ಯೆ: ಪ್ರಾಕ್ಟಿಕಲ್‌ನಲ್ಲಿ ಏನು ಬರಬೇಕು ಅಂತ ರೆಕಾರ್ಡ್ ಪುಸ್ತಕದಲ್ಲಿ ಮೊದಲೇ ಇರುತ್ತೆ. ಸೀನಿಯರ್ ಬರೆದದ್ದು ನೋಡಿ ಬರೀತಾರೆ. ಏನು ಬರುತ್ತೆ ಅಂತ ಮೇಡಂಗೂ ಗೊತ್ತಿಲ್ಲ ಅನ್ನೋ ಕೆಲಸ ಈ ಮಕ್ಕಳಿಗೆ ಮೂರು ವರ್ಷದಲ್ಲಿ ಇದೊಂದೇ. ಆ ಗುಂಡಿಯಲ್ಲಿ ಎಷ್ಟು ಹುಳು ಸಿಗುತ್ತೆ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಮೇಷ್ಟ್ರು: ಅದು ನಿಜ.

ಶಿಷ್ಯೆ: ನೀವೇ ನಮಗೆ ಕಪ್ಪೆ ಕೊಯ್ಯಿಸಿದವರು. ನಮ್ಮ ಬ್ಯಾಚಿನ ನಂತರ ನಿಂತೇ ಹೋಯ್ತು. 2011ರಲ್ಲಿ ಹಂತಹಂತವಾಗಿ ನಿಲ್ಲಿಸಿ ಅಂತ ಯುಜಿಸಿ ಹೇಳಿತು, 2014ರಲ್ಲಿ ಪೂರ್ತಿ ನಿಲ್ಲಿಸಿ ಅಂತು. ಆಗ ನೀವು ಬೇಜಾರು ಮಾಡ್ಕೊಂಡಿದ್ರಿ.

ಮೇಷ್ಟ್ರು: ಕೊಲ್ಲೋದು ನಿಂತಿದ್ದಕ್ಕೆ ಅಲ್ಲ. ಕಪ್ಪೆಯನ್ನ ಗದ್ದೆಯಿಂದ ಚೀಲಗಟ್ಟಲೆ ಹಿಡಿದು ತರಿಸ್ತಿದ್ವಿ, ಅದು ನಿಲ್ಲಬೇಕಿತ್ತು, ನಿಂತಿದ್ದು ಒಳ್ಳೇದೇ. ಬೇಜಾರಾಗಿದ್ದು ಅದರ ಜಾಗಕ್ಕೆ ಏನೂ ಬರಲಿಲ್ಲ ಅಂತ. ಗೋಡೆ ಮೇಲೆ ಚಾರ್ಟು ಬಂತು, ಕಂಪ್ಯೂಟರಿನಲ್ಲಿ ಚಿತ್ರ ಬಂತು. ಜೀವ ಇರೋ ಪ್ರಾಣಿಯನ್ನ ಕೊಲ್ಲದೆ ಗಂಟೆಗಟ್ಟಲೆ ನೋಡೋದು ಹೇಗೆ ಅಂತ ಯಾರೂ ಕಲಿಸಲಿಲ್ಲ. ಅದು ಕೊಯ್ಯೋದಕ್ಕಿಂತ ಕಷ್ಟ.

ಶಿಷ್ಯೆ: ಕಲಿತವರೂ ಇದ್ದಾರಲ್ಲ. ನಮ್ಮ ಕುವೆಂಪು ವಿಶ್ವವಿದ್ಯಾಲಯದಲ್ಲೇ ಪಿಎಚ್.ಡಿ. ಮಾಡಿದ ಕೆ.ವಿ. ಗುರುರಾಜ ಅವರು ಮತ್ತವರ ತಂಡ ಕತ್ತಲೆಕಾನಿನ ಹಳ್ಳದಲ್ಲಿ ರಾತ್ರಿ ಹೊತ್ತು ಕೂತು ನೋಡಿದ ಕಪ್ಪೆ! ಮೊಟ್ಟೆ ಇಟ್ಟ ಮೇಲೆ ಗಂಡು ಕಪ್ಪೆ ಹಳ್ಳದ ಕೆಸರನ್ನ ಕೈಯಲ್ಲಿ ತಂದು ಮೊಟ್ಟೆಗೆ ಮೆತ್ತುತ್ತೆ. 2014ರಲ್ಲಿ ಅದಕ್ಕೆ ಕುಂಬಾರ ಅಂತಲೇ ಹೆಸರಿಟ್ಟರು, ಲ್ಯಾಟಿನ್ ಹೆಸರಿನಲ್ಲೂ ನಮ್ಮ ಕುಂಬಾರನೇ ಕೂತಿದ್ದಾನೆ. ಯಾವ ಕಪ್ಪೆಯನ್ನೂ ಕೊಯ್ದು ತಿಳಿಯೋ ವಿಷಯ ಅಲ್ಲ ಅದು.

ಮೇಷ್ಟ್ರು: ನನ್ನ ಮಾತಿಗೇ ಸಾಕ್ಷಿ ಕೊಟ್ಟೆ. ಅವರು ಕಪ್ಪೆಗಳ ಹಿಂದೆ ವರ್ಷಗಟ್ಟಲೆ ಅಲೆದವರು. ಕಣ್ಣು ಪಳಗಿತ್ತು, ಅದಕ್ಕೇ ಕಾಣಿಸಿತು. ನಿನ್ನ ಹುಡುಗರ ಹತ್ತಿರ ಇರೋದು ಒಂದು ಸೆಮಿಸ್ಟರು. ಅದರಲ್ಲೂ ಎರಡು ಇಂಟರ್ನಲ್ಸು, ಒಂದು ಸ್ಪೋರ್ಟ್ಸ್ ಡೇ, ಹಬ್ಬದ ರಜೆ. ಮಿಕ್ಕಿದ್ದು ಎಷ್ಟು?

ಶಿಷ್ಯೆ: ಹೆಚ್ಚಿಲ್ಲ. ನಾಲ್ಕನೇ ವರ್ಷ ಇದ್ದಿದ್ರೆ ಸಿಗ್ತಿತ್ತು. 2021ರಲ್ಲಿ ನಾಲ್ಕು ವರ್ಷದ ಪದವಿ ತಂದರು. ಆಮೇಲೆ ಬಂದ ಯುಜಿಸಿ ಚೌಕಟ್ಟಿನಲ್ಲಿ, ಮೊದಲ ಆರು ಸೆಮಿಸ್ಟರಿನಲ್ಲಿ ಶೇ 75 ತೆಗೆದವರು ಕೊನೇ ವರ್ಷ ಸಂಶೋಧನೆ ಮಾಡಬಹುದಿತ್ತು, ಅದೊಂದಕ್ಕೇ 12 ಕ್ರೆಡಿಟ್. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೇ ಬಂತು.

ಮೇಷ್ಟ್ರು: ನನಗೇನೂ ದುಃಖ ಆಗಲಿಲ್ಲ. ಮಂಡಗದ್ದೆ ಕಡೆಯಿಂದ, ಹೊಳೆಹೊನ್ನೂರು ಕಡೆಯಿಂದ ಬರೋ ಹುಡುಗಿಯನ್ನ ಮನೆಯವರು ಮೂರು ವರ್ಷ ಓದಿಸೋದೇ ಹೆಚ್ಚು. ನಾಲ್ಕನೇ ವರ್ಷ ಯಾರು ಕಳಿಸ್ತಾರೆ? ಕಳಿಸಿದರೂ ಅವಳಿಗೆ ಮಾರ್ಗದರ್ಶನ ಮಾಡೋರು ಯಾರು? ನೀನಾ? ಮುಂದಿನ ವರ್ಷ ನೀನು ಅದೇ ಕಾಲೇಜಿನಲ್ಲಿ ಇರ್ತೀಯ ಅಂತ ನಿನಗೇ ಗ್ಯಾರಂಟಿ ಇಲ್ಲ.

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅತಿಥಿ ಉಪನ್ಯಾಸಕರ ಬದುಕು ಗೊತ್ತಿರುವವರಿಗೆ ಆ ಮೌನ ಅರ್ಥವಾಗುತ್ತದೆ. ರಜೆಯ ತಿಂಗಳಲ್ಲಿ ಗೌರವಧನ ಇಲ್ಲ, ಪ್ರತಿ ವರ್ಷ ಹೊಸದಾಗಿ ಅರ್ಜಿ, ಕೌನ್ಸೆಲಿಂಗ್. ವಿದ್ಯಾರ್ಥಿಗಳ ಸಂಶೋಧನೆ ಬೆಳೆಯಬೇಕು ಎಂದು ವೇದಿಕೆಗಳಲ್ಲಿ ಮಾತಾಡುವವರು ಮೊದಲು ನೋಡಬೇಕಾದ್ದು ಇದನ್ನು. ಹತ್ತು ತಿಂಗಳ ನೌಕರಿಯವರ ಕೈಯಲ್ಲಿ ಹತ್ತು ವರ್ಷದ ಪ್ರಶ್ನೆ ನಿಲ್ಲುವುದು ಕಷ್ಟ.

ಶಿಷ್ಯೆ: ಇರಲಿಕ್ಕಿಲ್ಲ ಸಾರ್. ಆದರೆ ಈ ವರ್ಷ ಇದ್ದೀನಲ್ಲ. ಒಂದು ಬದನೆಕಾಯಿ ಕಥೆ ಹೇಳ್ತೀನಿ ಕೇಳಿ. ಬ್ಯಾಕ್ಟೀರಿಯಾ ತಿನ್ನೋ ವೈರಸ್ಸುಗಳನ್ನ ಮಣ್ಣಿನಲ್ಲಿ ಹುಡುಕೋದು, ಇದನ್ನ ಪದವಿಯ ಮೊದಲ ವರ್ಷದ ಮಕ್ಕಳಿಗೇ ಕೊಡೋ ಒಂದು ಕಾರ್ಯಕ್ರಮ 2008ರಲ್ಲಿ ಅಮೆರಿಕದಲ್ಲಿ ಶುರುವಾಯ್ತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಅದರ ಹಿಂದಿದ್ದವರು. ಅದೇ ಬಗೆಯ ಕೋರ್ಸು ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲೂ ನಡೀತು. ಅಲ್ಲಿ 2010ರಲ್ಲಿ ಒಬ್ಬ ವಿದ್ಯಾರ್ಥಿನಿಗೆ ಕೊಳೆತ ಬದನೆಕಾಯಿಯ ಅಡಿಯಲ್ಲಿ ಒಂದು ವೈರಸ್ ಸಿಕ್ಕಿತು. "ಮಡ್ಡಿ" ಅಂತ ಹೆಸರಿಟ್ಟು ಫ್ರಿಜ್ಜಿನಲ್ಲಿ ಇಟ್ಟರು, ಅಷ್ಟೇ. ಒಂಬತ್ತು ವರ್ಷ ಆದ ಮೇಲೆ, 2019ರಲ್ಲಿ, ಲಂಡನ್ನಿನ ಒಬ್ಬ ಹದಿಹರೆಯದ ಹುಡುಗಿಯ ಸುದ್ದಿ ಪ್ರಕಟ ಆಯ್ತು. ಶ್ವಾಸಕೋಶ ಬದಲಾಯಿಸಿದ ಮೇಲೆ ಯಾವ ಆ್ಯಂಟಿಬಯೋಟಿಕ್‌ಗೂ ಬಗ್ಗದ ಸೋಂಕು ಅವಳಿಗೆ. ಅವಳಿಗೆ ಕೊಟ್ಟ ಮೂರು ವೈರಸ್ಸುಗಳಲ್ಲಿ ಒಂದು ಈ ಮಡ್ಡಿ. ಹುಡುಗಿ ಚೇತರಿಸಿಕೊಂಡಳು. ಬದನೆಕಾಯಿ ಮುಟ್ಟಿದ ಆ ವಿದ್ಯಾರ್ಥಿನಿಗೆ ಅವತ್ತು ಇದೆಲ್ಲ ಕನಸಿನಲ್ಲಾದರೂ ಬಂದಿತ್ತಾ?

ಮೇಷ್ಟ್ರು: ಕಥೆ ಚೆನ್ನಾಗಿದೆ, ನಿಜವೂ ಇರಬಹುದು. ಆದರೆ ನೀನು ಬದನೆಕಾಯಿ ನೋಡಿದೆ, ನಾನು ಫ್ರಿಜ್ಜು ನೋಡಿದೆ. ಒಂಬತ್ತು ವರ್ಷ ಅದನ್ನ ಯಾರೋ ಜೋಪಾನ ಮಾಡಿದರು. ಚೀಟಿ ಅಂಟಿಸಿದರು, ಕರೆಂಟು ಹೋಗದ ಹಾಗೆ ನೋಡ್ಕೊಂಡರು, ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಅಂತ ಬರೆದಿಟ್ಟರು. ನಮ್ಮಲ್ಲಿ ಏನಾಗುತ್ತೆ ಗೊತ್ತಾ? ಒಂದು ಕಾಲೇಜಿನಲ್ಲಿ, ಯಾವುದು ಅಂತ ಕೇಳಬೇಡ, ನನ್ನ ಹುಡುಗರು ಭದ್ರಾ ಹೊಳೆಯ ನೀರು ಪರೀಕ್ಷೆ ಮಾಡ್ತಿದ್ದರು. ಕಾಗದ ಕಾರ್ಖಾನೆಯ ಮೇಲ್ಗಡೆ ಒಂದು ಬಾಟಲಿ, ಕೆಳಗಡೆ ಒಂದು ಬಾಟಲಿ. ವಿಂಕ್ಲರ್ ವಿಧಾನ. ಬಾಟಲಿಯಲ್ಲಿ ಗಾಳಿಗುಳ್ಳೆ ನಿಲ್ಲದ ಹಾಗೆ ನೀರು ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಕ್ಷಾರದ ಅಯೊಡೈಡ್ ಹಾಕಿ ಮುಚ್ಚಳ ಬಿಗಿದು ಬುಡಮೇಲು ಮಾಡಿದರೆ ಕಂದು ಬಣ್ಣದ ಗಸಿ ಇಳಿಯುತ್ತೆ. ಆಮ್ಲಜನಕ ಕಡಿಮೆ ಇದ್ದರೆ ಗಸಿ ಬೆಳ್ಳಗೆ. ಟೈಟ್ರೇಷನ್ ಮಾಡೋ ಮೊದಲೇ, ಹೊಳೆ ದಡದಲ್ಲೇ, ಆ ಬಣ್ಣ ನೋಡಿ ಹುಡುಗರಿಗೆ ಗೊತ್ತಾಗ್ತಿತ್ತು ಮೀನು ಯಾಕೆ ಈ ಕಡೆ ಇಲ್ಲ ಅಂತ.

ಶಿಷ್ಯೆ: ಆ ಲೆಕ್ಕ ಎಲ್ಲಿದೆ ಸಾರ್?

ಮೇಷ್ಟ್ರು: ಎಲ್ಲೂ ಇಲ್ಲ. ತಪಾಸಣಾ ಸಮಿತಿ ಬರುತ್ತೆ ಅಂತ ವಿಭಾಗಕ್ಕೆ ಸುಣ್ಣಬಣ್ಣ ಹೊಡೆದರು. ಹಳೇ ನೋಟ್‌ಬುಕ್ಕುಗಳು ರದ್ದಿಗೆ ಹೋದವು. ಈಗ ನೋಡು, 1936ರಲ್ಲಿ ಶುರುವಾದ ಆ ಕಾಗದ ಕಾರ್ಖಾನೆ, ಎಂಪಿಎಂ, ಹತ್ತಿರಹತ್ತಿರ ಹತ್ತು ವರ್ಷದಿಂದ ನಿಂತಿದೆ. ಹೊಳೆ ಸುಧಾರಿಸಿದೆಯಾ, ಎಷ್ಟು ಸುಧಾರಿಸಿದೆ? ಹೇಳಬೇಕಾದರೆ ಆ ಬಿ.ಎಸ್ಸಿ. ಹುಡುಗರ ನೋಟ್‌ಬುಕ್ಕು ಬೇಕಿತ್ತು. ಅವರು ಅಳೆದ ಜಾಗದಲ್ಲೇ ಅದೇ ತಿಂಗಳು ಮತ್ತೆ ಅಳೆದಿದ್ದರೆ ಸಾಕಿತ್ತು.

ಶಿಷ್ಯೆ: ಹಾಗಾದರೆ ಬಿ.ಎಸ್ಸಿ. ಹುಡುಗರ ಕೆಲಸಕ್ಕೆ ಬೆಲೆ ಇತ್ತು ಅಂತ ನೀವೇ ಹೇಳಿದ ಹಾಗಾಯ್ತು!

ಮೇಷ್ಟ್ರು: ಕೆಲಸಕ್ಕೆ ಬೆಲೆ ಇತ್ತು. ಪ್ರಾಜೆಕ್ಟಿಗೆ ಇರಲಿಲ್ಲ. ಪ್ರಾಜೆಕ್ಟು ಅಂಕ ಕೊಟ್ಟ ದಿನವೇ ಮುಗಿಯಿತು. ನಾನು ಹೇಳೋದು ಇಷ್ಟು: ಸಂಶೋಧನೆ ಅನ್ನೋ ಹೆಸರು ತೆಗೆದುಬಿಡಿ, ಲೆಕ್ಕ ಇಡೋದು ಕಲಿಸಿ. ಮಂಡಗದ್ದೆಗೆ ಬರೋ ಬೆಳ್ಳಕ್ಕಿ, ನೀರುಕಾಗೆ ಎಣಿಸಿ, ಪ್ರತಿ ವರ್ಷ ಅದೇ ವಾರ. ತುಂಗೆಯ ನೀರು ಅಳೆಯಿರಿ, ಪ್ರತಿ ವರ್ಷ ಅದೇ ಮೆಟ್ಟಿಲಿನಲ್ಲಿ. ಡಾರ್ವಿನ್ನನೇ ಮಾಡಿದ್ದು ಅದನ್ನ. 1842ರಲ್ಲಿ ತನ್ನ ಮನೆ ಹತ್ತಿರದ ಹುಲ್ಲುಗಾವಲಿನಲ್ಲಿ ಸೀಮೆಸುಣ್ಣದ ಚೂರು ಹರಡಿಸಿದ. 1871ರಲ್ಲಿ ಅಗೆಸಿ ನೋಡಿದ. ಎರೆಹುಳುಗಳು ಮಣ್ಣು ಮೇಲೆ ತಂದು ತಂದು ಹಾಕಿ ಸುಣ್ಣದ ಪದರ ಏಳು ಇಂಚು ಕೆಳಕ್ಕೆ ಹೋಗಿತ್ತು. 29 ವರ್ಷ! ಆಮೇಲೆ 1881ರಲ್ಲಿ ಪುಸ್ತಕ ಬಂತು.

ಶಿಷ್ಯೆ: 1842ರಲ್ಲಿ ಸುಣ್ಣ ಹರಡಿಸಿದ್ದಕ್ಕೆ ತಾನೇ ಸಾರ್ 1871ರಲ್ಲಿ ಅಗೆದದ್ದು? ಇವತ್ತು ಈ ಆರು ಜನ ಹರಡ್ತಾ ಇದ್ದಾರೆ ಅಂದ್ಕೊಳ್ಳಿ. ಅಲ್ಲದೆ ಡಾರ್ವಿನ್ ಬರೀ ಲೆಕ್ಕ ಇಡಲಿಲ್ಲ. ಹುಳು ಮಣ್ಣು ಎತ್ತುತ್ತೆ ಅಂತ ಅವನ ತಲೆಯಲ್ಲಿ ಒಂದು ಊಹೆ ಇತ್ತು. ಪ್ರಶ್ನೆ ಇಲ್ಲದ ಲೆಕ್ಕ ಇಟ್ಟು ಇಟ್ಟು ಮಕ್ಕಳು ಗುಮಾಸ್ತರಾಗ್ತಾರೆ. ಅವರಿಗೂ ಊಹೆ ಮಾಡೋ ಹಕ್ಕು ಇರಲಿ, ಆ ಊಹೆ ಸುಳ್ಳಾದಾಗ ಪೆಚ್ಚಾಗೋ ಹಕ್ಕೂ ಇರಲಿ.

ಮೇಷ್ಟ್ರು: ಪೆಚ್ಚಾಗೋಕೆ ಎಲ್ಲಿ ಬಿಡ್ತೀರಿ? ಸುಳ್ಳಾದ ಊಹೆಗೆ ಅಂಕ ಕೊಟ್ಟ ಎಕ್ಸಾಮಿನರ್ ಯಾರಿದ್ದಾರೆ? "ಏನೂ ವ್ಯತ್ಯಾಸ ಕಾಣಲಿಲ್ಲ" ಅಂತ ಬರೆದ ರಿಪೋರ್ಟನ್ನ ನೀನು ಒಪ್ಪಿಕೊಂಡಿದ್ದೀಯಾ?

ಶಿಷ್ಯೆ: ಒಪ್ಪಿಕೊಂಡಿದ್ದೀನಿ. ಹೋದ ವರ್ಷ ಇಬ್ಬರು ಬರೆದರು. ಹೊರಗಿನ ಎಕ್ಸಾಮಿನರ್ ಕಡಿಮೆ ಕೊಟ್ಟರು. ಆ ಇಬ್ಬರು ಅತ್ತರು. ಆದರೆ ಅಂಕಿ ತಿದ್ದಲಿಲ್ಲ ಸಾರ್.

ಮೇಷ್ಟ್ರು: ... ಒಳ್ಳೇ ಕೆಲಸ ಮಾಡಿದರು. ಅವರನ್ನ ಒಂದು ಸಲ ಕರ್ಕೊಂಡು ಬಾ.

ಶಿಷ್ಯೆ: ಈ ವರ್ಷ ಒಬ್ಬ ಹುಡುಗ ಮಂಗನಕಾಯಿಲೆ ಮೇಲೆ ಮಾಡ್ತೀನಿ ಅಂತ ಕೂತಿದ್ದ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗ ಸಾಯೋಕೆ ಶುರುವಾಗಿ ಕಂಡ ಕಾಯಿಲೆ, ನಮ್ಮ ಜಿಲ್ಲೆಯ ಹೆಸರನ್ನ ಪ್ರಪಂಚದ ವೈದ್ಯಪುಸ್ತಕಗಳಿಗೆ ಸೇರಿಸಿದ ಕಾಯಿಲೆ, ನಾವೇ ಮಾಡದಿದ್ದರೆ ಯಾರು ಅಂತ ಅವನ ವಾದ. ಬಿಳಿ ಫ್ಲಾನಲ್ ಬಟ್ಟೆ ನೆಲದ ಮೇಲೆ ಎಳೆದು ಆ ಕಾಯಿಲೆ ಹರಡೋ ಉಣ್ಣೆ ಸಂಗ್ರಹ ಮಾಡ್ತೀನಿ ಅಂದ.

ಮೇಷ್ಟ್ರು: ಬೇಡ ಅಂದೆ ತಾನೇ?

ಶಿಷ್ಯೆ: ಖಡಾಖಂಡಿತವಾಗಿ. ಅವನಿಗೆ ಬೇಸರ ಆಯ್ತು.

ಮೇಷ್ಟ್ರು: ಆಗಲಿ. ಆ ವೈರಸ್ಸಿನ ಮೇಲೆ ಕೆಲಸ ಮಾಡಿದ ಪ್ರಯೋಗಾಲಯಗಳಲ್ಲೇ ಎಷ್ಟೋ ಮಂದಿಗೆ ಸೋಂಕು ತಗುಲಿದೆ. ಹತ್ತೊಂಬತ್ತು ವರ್ಷದ ಹುಡುಗನ್ನ ಅಂಗಿ ಪ್ಯಾಂಟಿನಲ್ಲಿ ಉಣ್ಣೆ ಹಿಡಿಯೋಕೆ ಕಳಿಸೋದು ಸಂಶೋಧನೆ ಅಲ್ಲ. ಬಟ್ಟೆ ಎಳೆಯೋದು ಸುಲಭ, ಅದಾದ ಮೇಲೆ ಮೈ ಹುಡುಕಿಕೊಳ್ಳೋದು, ಜ್ವರ ಬಂದರೆ ಯಾರ ಹತ್ತಿರ ಓಡೋದು, ಇದನ್ನೆಲ್ಲ ಹೊಣೆ ಹೊತ್ತು ನೋಡೋಕೆ ನಮ್ಮಲ್ಲಿ ವ್ಯವಸ್ಥೆ ಇಲ್ಲ.

ಶಿಷ್ಯೆ: ಈ ಮಾತಿನಲ್ಲಿ ನಿಮ್ಮ ನನ್ನ ನಡುವೆ ಜಗಳ ಇಲ್ಲ ಸಾರ್.

ತೋಟದ ಒಳಗಿನಿಂದ ಒಬ್ಬ ಹುಡುಗಿ ಬಂದಳು. ಅಂಗೈಯಲ್ಲಿ ಒದ್ದೆ ಮಣ್ಣು, ಅದರಲ್ಲಿ ಒಂದು ಹುಳು. ಇನ್ನೊಂದು ಕೈಯಲ್ಲಿ ಲೆನ್ಸು. "ಮೇಡಂ, ಪುಸ್ತಕದಲ್ಲಿ ಕ್ಲೈಟೆಲ್ಲಮ್ 14ರಿಂದ 16ನೇ ಖಂಡ ಅಂತಿದೆ. ಸುತ್ತ ಉಂಗುರದ ಹಾಗೆ ಇರುತ್ತೆ ಅಂತಿದೆ. ಇದರಲ್ಲಿ ಇನ್ನೂ ಹಿಂದಕ್ಕೆ ಹೋಗಿದೆ, ಉಂಗುರವೂ ಇಲ್ಲ, ಕುದುರೆ ಜೀನಿನ ಹಾಗೆ ಬೆನ್ನ ಮೇಲೆ ಮಾತ್ರ ಇದೆ. ನಾನು ಎಣಿಸಿದ್ದು ತಪ್ಪಾ?"

ಮೇಷ್ಟ್ರು ಲೆನ್ಸು ತೆಗೆದುಕೊಂಡರು. ಹುಳುವಿನ ತಲೆಯ ಕಡೆ ಯಾವುದು ಎಂದು ಮೊದಲು ಖಚಿತ ಮಾಡಿಕೊಂಡು, ಬಾಯಿಂದ ಹಿಂದಕ್ಕೆ ಒಂದೊಂದೇ ಖಂಡ ಎಣಿಸಿದರು. ಹುಳು ಹಿಗ್ಗಿ ಕುಗ್ಗುತ್ತಿತ್ತು, ಲೆಕ್ಕ ತಪ್ಪಿತು. ಅಂಗೈಗೆ ಸ್ವಲ್ಪ ನೀರು ಹನಿಸಿ ಮತ್ತೆ ಎಣಿಸಿದರು. ಆಮೇಲೆ ಬಾಲದ ತುದಿಯನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಅಲ್ಲಿ ಸಣ್ಣ ಮುಳ್ಳುಗಳು ಸಾಲಾಗಿ ಇರಲಿಲ್ಲ, ಒಂದು ಬಿಟ್ಟು ಒಂದು ಓರೆಯಾಗಿ ಚದುರಿದ್ದವು.

ಮೇಷ್ಟ್ರು: ನಿನ್ನ ಎಣಿಕೆ ಸರಿ ಇದೆ ಪುಟ್ಟಿ. ಪುಸ್ತಕದ ಹುಳು ಬೇರೆ, ಈ ಹುಳು ಬೇರೆ. ನಾವು ಪಾಠ ಮಾಡೋದು ಫೆರೆಟಿಮಾ ಅಂತ. ಲಕ್ನೋದ ಕರಮ್ ನಾರಾಯಣ್ ಬಾಲ್ ಅದರ ಮೇಲೆ 1926ರಲ್ಲಿ ಗ್ರಂಥ ಬರೆದರು, ಅಲ್ಲಿಂದ ಇಡೀ ದೇಶದ ಪಠ್ಯಪುಸ್ತಕಕ್ಕೆ ಅದೇ ಹುಳು. ಇದು ಪಾಂಟೊಸ್ಕೋಲೆಕ್ಸ್ ಇರಬೇಕು. ದಕ್ಷಿಣ ಅಮೆರಿಕದ್ದು. ಗಿಡಗಳ ಬೇರಿನ ಮಣ್ಣಿನ ಜೊತೆ ಬಂದು ತೋಟಗಳಲ್ಲೆಲ್ಲ ತುಂಬಿಕೊಂಡಿದೆ. ಖಚಿತ ಮಾಡಿಕೊಳ್ಳೋಕೆ ತಿಳಿದವರಿಗೆ ಕಳಿಸಬೇಕು. ಇನ್ನೂ ನಾಲ್ಕೈದು ಆರಿಸಿ ಇಟ್ಟುಕೋ.

ಹುಡುಗಿ ಓಡಿದಳು.

ಶಿಷ್ಯೆ: ನೋಡಿದ್ರಾ ಸಾರ್? ನಾಲ್ಕು ವರ್ಷ ನಾನೇ ಎರೆಹುಳು ಪಾಠ ಮಾಡಿದ್ದೀನಿ. ತೋಟದ ಹುಳು ತೆಗೆದು ಎಣಿಸಿ ನೋಡಬೇಕು ಅಂತ ನನಗೆ ಹೊಳೆದಿರಲಿಲ್ಲ. ಅವಳು ಪುಸ್ತಕವನ್ನ ಅನುಮಾನಿಸಿದಳು. ಇದಕ್ಕಿಂತ ಇನ್ನೇನು ಬೇಕು?

ಮೇಷ್ಟ್ರು: ಮೊದಲು ತನ್ನ ಎಣಿಕೆಯನ್ನ ಅನುಮಾನಿಸಿದಳು, ಅದು ನನಗೆ ಹೆಚ್ಚು ಹಿಡಿಸಿತು. ಆದರೆ ಯೋಚನೆ ಮಾಡು. ಅವಳಿಗೆ ಅದು ಕಂಡದ್ದು ಖಂಡ ಎಣಿಸೋಕೆ ಬರ್ತಿತ್ತು ಅಂತ, ತಲೆ ಬಾಲ ಗೊತ್ತಿತ್ತು ಅಂತ. ಅದು ಹಳೇ ಕಾಲದ ಗುರುತು ಹಿಡಿಯೋ ವಿದ್ಯೆ. ಉಳಿದ ಐದು ಜನ ಅಲ್ಲಿ ಏನು ಮಾಡ್ತಿದ್ದಾರೆ? ಹುಳು ಎಷ್ಟು ಅಂತ ಗೀಟು ಹಾಕ್ತಿದ್ದಾರೆ. ಈ ವಿದೇಶಿ ಹುಳು ಹಾಳಾದ ಮಣ್ಣಿನಲ್ಲೇ ಚೆನ್ನಾಗಿ ಬೆಳೆಯೋದು. ನಾಳೆ ನಿನ್ನ ರಿಪೋರ್ಟಿನಲ್ಲಿ ತಾಮ್ರದ ಔಷಧಿ ಹೊಡೆದ ತೋಟದಲ್ಲೇ ಹುಳು ಹೆಚ್ಚು ಅಂತ ಬರಬಹುದು. ತಾಮ್ರ ಒಳ್ಳೇದು ಅಂತ ಬರೀತೀಯಾ?

ಶಿಷ್ಯೆ: ಇಲ್ಲ. ಜಾತಿವಾರು ಬೇರೆ ಮಾಡಿ ಎಣಿಸ್ತೀವಿ. ಇವತ್ತಿನಿಂದಲೇ. ಶೀರ್ಷಿಕೆ ಬದಲಾಯಿಸಲ್ಲ ಅಂದ್ರಲ್ಲ, ಬರ್ಕೊಳ್ಳಿ, ಬದಲಾಯಿಸಿದೆ. "ಪರಿಣಾಮ" ತೆಗೆದೆ.

ಮೇಷ್ಟ್ರು: ಸರಿ. ಈಗ ತಾಮ್ರದ ವಿಷಯಕ್ಕೆ ಬಾ. ಇಲ್ಲಿ ನಾನು ಮೇಷ್ಟ್ರಲ್ಲ, ಬೆಳೆಗಾರ. ನಮ್ಮಪ್ಪ ಬೋರ್ಡೊ ಹೊಡೆಸಿದರು, ನಾನೂ ಹೊಡೆಸ್ತೀನಿ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಅದಕ್ಕೂ ಮೊದಲು ಮಲೆನಾಡಿನಲ್ಲಿ ಪ್ರತಿ ಗೊನೆಗೂ ಕೊಟ್ಟೆ ಕಟ್ಟಬೇಕಿತ್ತು, ಇಲ್ಲದಿದ್ದರೆ ಮಳೆಗಾಲದಲ್ಲಿ ಕಾಯೆಲ್ಲ ಉದುರಿ ಹೋಗೋದು. ಕೊಳೆರೋಗ ಶಿಲೀಂಧ್ರದಂಥ ಒಂದು ಜೀವಿಯಿಂದ ಬರುತ್ತೆ, ಬೋರ್ಡೊ ಹೊಡೆದರೆ ತಡೀಬಹುದು ಅಂತ ತೋರಿಸಿಕೊಟ್ಟವರು ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್. 1910ರಲ್ಲೇ ಬರೆದರು. ಈ ಜಿಲ್ಲೆಯ ಅಡಿಕೆ ಸಂಸಾರಗಳು ಅನ್ನ ಉಂಡಿದ್ದು ಆ ಸಂಶೋಧನೆಯಿಂದ. ಈಗ ನಿನ್ನ ಬಿ.ಎಸ್ಸಿ. ಮಕ್ಕಳು ಅದೇ ಬೋರ್ಡೊ ಮಣ್ಣು ಕೆಡಿಸಿತು ಅಂತ ಬರೆದರೆ, ಯಾವನೋ ಅದನ್ನ ಮೊಬೈಲಿನಲ್ಲಿ ಹರಿಬಿಟ್ಟರೆ?

ಶಿಷ್ಯೆ: ತಾಮ್ರ ಮಣ್ಣಿನಲ್ಲಿ ಕರಗಿ ಹೋಗಲ್ಲ ಸಾರ್, ಮೇಲ್ಮಣ್ಣಿನಲ್ಲೇ ಕೂರುತ್ತೆ. ಬೋರ್ಡೊ ಹುಟ್ಟಿದ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲೇ ಅದು ಗೊತ್ತಾಗಿದೆ. ನಮ್ಮ ತೋಟದಲ್ಲಿ ಎಷ್ಟಿದೆ ಅಂತ ಬೆಳೆಗಾರನಿಗೆ ಗೊತ್ತಾಗೋದು ಬೇಡವಾ? ಕೋಲ್ಮನ್ ಇದ್ದಿದ್ರೆ ಅವರೇ ಅಗೆದು ನೋಡ್ತಿದ್ದರು.

ಮೇಷ್ಟ್ರು: ಗೊತ್ತಾಗಲಿ. ಸರಿಯಾಗಿ ಗೊತ್ತಾಗಲಿ. ಯಾವುದಕ್ಕೆ ಯಾವುದನ್ನ ಹೋಲಿಸ್ತೀಯ?

ಶಿಷ್ಯೆ: ಅದನ್ನೇ ಕೇಳೋಕೆ ಬಂದೆ. ಮುಂದಿನ ಮಳೆಗಾಲಕ್ಕೆ ಹತ್ತು ಮರಕ್ಕೆ ಔಷಧಿ ಹೊಡೆಸದೆ ಬಿಟ್ಟರೆ...

ಮೇಷ್ಟ್ರು: ಬಿಟ್ಟರೆ ಏನು ಬಂತು? ತಾಮ್ರ ಕೂತಿರುತ್ತೆ ಅಂತ ಈಗ ನೀ ಹೇಳಿದೆ. ಈ ತೋಟದ ನಲವತ್ತು ವರ್ಷದ್ದು ಒಂದು ಮಳೆಗಾಲಕ್ಕೆ ಎದ್ದು ಹೋಗುತ್ತಾ?

ಶಿಷ್ಯೆ: ... ಇಲ್ಲ.

ಮೇಷ್ಟ್ರು: ಆ ಹತ್ತು ಮರಕ್ಕೆ ಕೊಳೆ ಬಂದರೆ ಪಕ್ಕದವರ ತೋಟಕ್ಕೂ ಹೋಗುತ್ತೆ. ನಷ್ಟ ಕೊಡೋದು ನಿನ್ನ ಕಾಲೇಜಾ?

ಶಿಷ್ಯೆ: ಹಾಗಾದರೆ ತೋಟದ ವಯಸ್ಸು ಹಿಡೀತೀನಿ. ಈ ಕಡೆ ಗದ್ದೆ ಮುಚ್ಚಿ ಅಡಿಕೆ ಹಾಕಿದವರು ಎಷ್ಟೋ ಜನ ಇದ್ದಾರೆ. ಐದು ವರ್ಷದ ತೋಟ, ಹದಿನೈದು ವರ್ಷದ್ದು, ನಿಮ್ಮದು ನಲವತ್ತು, ಪಕ್ಕದಲ್ಲಿ ಇನ್ನೂ ಗದ್ದೆಯಾಗೇ ಇರೋದು. ಎಲ್ಲ ಒಂದೇ ಬಯಲು. ಯಾವ ವರ್ಷ ಗಿಡ ನೆಟ್ಟರು ಅಂತ ಮನೆಯವರಿಗೆ ಬಾಯಲ್ಲೇ ಇರುತ್ತೆ. ನಲವತ್ತು ವರ್ಷ ಕಾಯೋದು ಬೇಡ, ಅಷ್ಟು ವರ್ಷದ್ದನ್ನ ಒಂದು ವಾರದಲ್ಲಿ ನಡೆದು ನೋಡಬಹುದು.

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಅವರಿಗೆ ಈ ಉಪಾಯ ಹಿಡಿಸಿತ್ತು, ಬಾಯಲ್ಲಿ ಹೇಳಲಿಲ್ಲ. ನನಗಂತೂ ಅಂದಿನ ಮಾತಿನಲ್ಲೆಲ್ಲ ಇದೇ ದೊಡ್ಡದೆನಿಸಿತು. ಊರಿನವರ ನೆನಪನ್ನೇ ದಾಖಲೆಯಾಗಿ ಹಿಡಿಯುವ, ಆರು ಜನ ಹುಡುಗರ ಕೈಗೆ ಎಟಕುವ ಪ್ರಶ್ನೆ. ಇಂಥದನ್ನು ಬೆಂಗಳೂರಿನ ಪ್ರಯೋಗಾಲಯದಲ್ಲಿ ಕೂತು ಕೇಳಲು ಬಾರದು.

ಮೇಷ್ಟ್ರು: ಐದು ವರ್ಷದ ತೋಟಕ್ಕೆ ಔಷಧಿಯೇ ಹೊಡೆದಿರಲ್ಲ, ಫಸಲೇ ಬಂದಿರಲ್ಲ. ಅದು ನಿನಗೆ ಅನುಕೂಲ. ಆದರೆ ಇದು ತೀರ್ಥಹಳ್ಳಿ ಅಲ್ಲ. ಅಲ್ಲಿ ಮಳೆಗೆ ಎರಡು ಸಲ, ಮೂರು ಸಲ ಹೊಡೀತಾರೆ. ಇಲ್ಲಿ ಒಂದು ಸಲ, ಮಳೆ ಕಡಿಮೆ ಆದ ವರ್ಷ ಅದೂ ಇಲ್ಲ. ನಿನಗೆ ಇಲ್ಲಿ ತಾಮ್ರ ಕಾಣದೇ ಹೋಗಬಹುದು.

ಶಿಷ್ಯೆ: ತೀರ್ಥಹಳ್ಳಿ ಕಡೆ ತೋಟವನ್ನೂ ಸೇರಿಸ್ತೀವಿ.

ಮೇಷ್ಟ್ರು: ಅಲ್ಲಿ ಮಳೆಯೂ ಬೇರೆ, ಮಣ್ಣೂ ಬೇರೆ, ಹುಳುವೂ ಬೇರೆ. ಹುಳು ಕಡಿಮೆ ಆಗಿದ್ದು ತಾಮ್ರಕ್ಕೋ ಮಳೆಗೋ ಅಂತ ಹೇಗೆ ಬಿಡಿಸ್ತೀಯ?

ಶಿಷ್ಯೆ: ಅಲ್ಲೂ ಹೊಸ ತೋಟ, ಹಳೇ ತೋಟ ಅಕ್ಕಪಕ್ಕ ಹಿಡೀತೀವಿ. ಅಲ್ಲಿನದನ್ನ ಅಲ್ಲಿನದರ ಜೊತೆ ಮಾತ್ರ ಹೋಲಿಸೋದು.

ಮೇಷ್ಟ್ರು: ತೋಟಕ್ಕೆ ಎಷ್ಟು ಗುಂಡಿ?

ಶಿಷ್ಯೆ: ಐದು.

ಮೇಷ್ಟ್ರು: ಸಾಲದು. ನನ್ನ ತೋಟದಲ್ಲೇ ಮರದ ಬುಡ ಬೇರೆ, ಬಸಿಗಾಲುವೆ ಪಕ್ಕ ಬೇರೆ. ಸೊಪ್ಪು ಗೊಬ್ಬರ ಹಾಕಿದ ಕಡೆ ಹುಳು ಕಿಕ್ಕಿರಿದಿರುತ್ತೆ. ಐದು ಗುಂಡಿಯಲ್ಲಿ ಮೂರು ಗೊಬ್ಬರದ ಮೇಲೆ ಬಿದ್ದರೆ?

ಶಿಷ್ಯೆ: ಹತ್ತು ಮಾಡ್ತೀನಿ. ಜಾಗವನ್ನ ಚೀಟಿ ಎತ್ತಿ ಆರಿಸ್ತೀವಿ, ಹುಡುಗರು ಮೆತ್ತಗಿದ್ದ ಕಡೆ ಅಗೆಯೋ ಹಾಗಿಲ್ಲ. ಆದರೆ ಹತ್ತು ಗುಂಡಿ, ಎಂಟು ತೋಟ ಅಂದರೆ ಈ ಸೆಮಿಸ್ಟರಿಗೆ ಆಗಲ್ಲ ಸಾರ್.

ಮೇಷ್ಟ್ರು: ನಾನು ಹೇಳಿದ್ದೂ ಅದೇ. ಸಂಶೋಧನೆ ಒಂದು ಸೆಮಿಸ್ಟರಿನಲ್ಲಿ ಆಗಲ್ಲ.

ಶಿಷ್ಯೆ: ಈ ಬ್ಯಾಚು ಸೋಗಾನೆಯ ನಾಲ್ಕು ತೋಟ ಮುಗಿಸುತ್ತೆ. ಮುಂದಿನ ಬ್ಯಾಚು ತೀರ್ಥಹಳ್ಳಿ ಕಡೆ. ಮಣ್ಣಿನ ತಾಮ್ರ ಅಳೆಯೋಕೆ ನಮ್ಮಲ್ಲಿ ಯಂತ್ರ ಇಲ್ಲ, ನವುಲೆಯ ಕೃಷಿ ಕಾಲೇಜಿನಲ್ಲಿ ಕೇಳಬೇಕು.

ಮೇಷ್ಟ್ರು: ಮುಂದಿನ ಬ್ಯಾಚಿಗೆ ನೀನು ಇರ್ತೀಯಾ?

ಶಿಷ್ಯೆ: ನಾನಿಲ್ಲದಿದ್ದರೆ ನೋಟ್‌ಬುಕ್ಕು ಇರುತ್ತೆ.

ಮೇಷ್ಟ್ರು: ಎಲ್ಲಿ? ಆ ವಿಭಾಗದ ಬೀರುವಿನಲ್ಲಾ?

ಶಿಷ್ಯೆ: ನಿಮ್ಮ ಮನೆಯಲ್ಲಿ. ಎರಡು ಪ್ರತಿ ಮಾಡಿಸ್ತೀನಿ. ಪ್ರತಿ ಗುಂಡಿಯ ಜಾಗ, ತಾರೀಖು, ಅವತ್ತಿನ ಮಳೆ, ಯಾವ ಜಾತಿ ಎಷ್ಟು, ಅಗೆದವರ ಹೆಸರು. ಒಂದು ಪ್ರತಿ ಕಾಲೇಜಿಗೆ, ಒಂದು ನಿಮಗೆ. ನಿಮ್ಮ ತೋಟದ ಲೆಕ್ಕ ನಿಮ್ಮ ಹತ್ತಿರ ಇರಬೇಕಾದ್ದು ನ್ಯಾಯ ಕೂಡ.

ಮೇಷ್ಟ್ರು: ಇಟ್ಟುಕೊಳ್ತೀನಿ. ಆದರೆ ಬಾಹ್ಯ ಮಾರ್ಗದರ್ಶಕರು ಅಂತ ನನ್ನ ಹೆಸರು ಹಾಕಬೇಡ, ಸಂಶೋಧನಾ ಪ್ರಬಂಧ ಅಂತ ರಟ್ಟಿನ ಮೇಲೆ ಇರೋವರೆಗೂ ನಾನು ಸಹಿ ಮಾಡಲ್ಲ. ಲೆಕ್ಕದ ಪುಸ್ತಕ ಅಂತ ಬರೆಸು, ಮಾಡ್ತೀನಿ.

ಶಿಷ್ಯೆ: ಲೆಕ್ಕದ ಪುಸ್ತಕ ಅಂದರೆ ವಿಶ್ವವಿದ್ಯಾಲಯ ಅಂಕ ಕೊಡಲ್ಲ ಸಾರ್. ಆ ಮಕ್ಕಳು ಎಂ.ಎಸ್ಸಿ.ಗೆ ಅರ್ಜಿ ಹಾಕುವಾಗ ಪ್ರಬಂಧ ಅಂತಲೇ ಬರೀಬೇಕು. ನಾನು ಹೆಸರು ಬಿಡಲ್ಲ.

ಮೇಷ್ಟ್ರು: ಹಾಗಾದರೆ ನಾನೂ ಬಿಡಲ್ಲ. ಏಳು, ಆ ಕಡೆ ಮೂರನೇ ಗುಂಡಿ ಗೊಬ್ಬರದ ಗುಡ್ಡೆ ಪಕ್ಕದಲ್ಲೇ ಅಗೀತಿದ್ದಾರೆ ನೋಡು.